ಒಂದು ಎರಡಾಗಿ ಕಂಡಾಗ

ನಮ್ಮ ಮೊಳಕಾಲ್ಮೂರಿನ ಓಣಿಯಲ್ಲಿ ‘ಒಂದು ಎರಡಾಗಿ ಕಾಣ್ತೈತೇನಲೇ?’ ಅಂತ ಕೇಳುವುದು ಕುಡಿದವನನ್ನು ಮಾತ್ರ. ಹೆಂಗಸಿನ ಬಾಯಲ್ಲಿ ‘ನನಗೆ ಎರಡು ಕಾಣ್ತಾವೆ’ ಅನ್ನುವ ಮಾತು ಬರುವ ಹಾಗಿಲ್ಲ. ಆ ನಾಚಿಕೆ ನನ್ನ ನಾಲ್ಕು ತಿಂಗಳನ್ನು ತಿಂದುಹಾಕಿತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಕೆಲಸ ರೇಷ್ಮೆ ಎಳೆ ಕೆಚ್ಚುವುದು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ, ಕೂದಲಿಗಿಂತ ತೆಳು. ಮದುವೆಯಾಗಿ ಬಂದಾಗಿನಿಂದ ಈ ಓಣಿಯ ಮಗ್ಗಗಳಿಗೆಲ್ಲ ಕೆಚ್ಚಿದವಳು ನಾನೇ. ಅದರ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನನ್ನ ಕಣ್ಣ ಕೆಳಗೆ ಚೀಲದ ಹಾಗೆ ಉಬ್ಬಿಕೊಂಡಿತ್ತು. ನಮ್ಮವ್ವನಿಗೂ ಹಾಗೇ ಇತ್ತು. ಯಾವ ಮದುವೆಗೆ ಹೋದರೂ ಅದೇ ಪ್ರಶ್ನೆ: ‘ಯಾಕವ್ವ, ಅತ್ತಿದ್ದೀಯೇನು? ಗಂಡ ಬಡಿದ್ನಾ?’ ಪಾಪ, ನನ್ನ ಗಂಡ ಸೊಳ್ಳೆ ಹೊಡೆಯಲೂ ಯೋಚಿಸುವವನು. ಕೇಳಿ ಕೇಳಿ ರೇಗಿಹೋಗಿ, ಚಳ್ಳಕೆರೆಗೆ ವಾರಕ್ಕೊಮ್ಮೆ ಬರುತ್ತಿದ್ದ ಮುಖದ ಅಂದಚೆಂದ ತಿದ್ದುವ ಡಾಕ್ಟರ ಹತ್ತಿರ ಆಪರೇಷನ್ ಮಾಡಿಸಿಕೊಂಡೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಚೀಲವೇನೋ ಹೋಯಿತು. ಬಾವು ಇಳಿದ ಮೇಲೆ ನೋಡಿದರೆ ಹೊಸ್ತಿಲು ಎರಡು, ತಟ್ಟೆ ಎರಡು, ಗಂಡನೂ ಇಬ್ಬರು, ಒಬ್ಬನ ಮೇಲೊಬ್ಬ.

ಡಾಕ್ಟರಿಗೆ ಬಹುವಚನ ಕೊಡಬೇಕು. ಇವನಿಗೆ ಕೊಡುವುದಿಲ್ಲ. ಅವನ ಹತ್ತಿರ ಹೋಗಿ ‘ಮಂಜು ಮಂಜು ಐತ್ರಿ’ ಅಂದೆ. ನನ್ನ ನಾಲಗೆಗೆ ಬಂದದ್ದು ಅಷ್ಟೇ. ‘ಸರಿಹೋಗುತ್ತೆ’ ಅಂತ ಕಣ್ಣಿಗೆ ಹನಿ ಬರೆದುಕೊಟ್ಟ. ಮತ್ತೆ ಹೋದೆ, ಮತ್ತೆ ಹನಿ. ಹೊಲಿಗೆಯ ಗುರುತು ಮಾಸಿದ್ದನ್ನು ನೋಡಿ ಅವನೇ ಖುಷಿಪಟ್ಟು, ಆಪರೇಷನ್ನಿಗೆ ಮೊದಲು ತೆಗೆದದ್ದರ ಜೊತೆಗಿರಲಿ ಅಂತ, ಕೇಳಿ ಒಪ್ಪಿಸಿ ಇನ್ನೊಂದು ಫೋಟೋ ತೆಗೆದುಕೊಂಡ.

ಒಂದು ದಿನ ನಾನು ಕೆಚ್ಚಿದ ಹಾಸನ್ನು ಗಂಡ ಎಳೆದು ನೋಡಿದ. ಎಳೆಗಳೆಲ್ಲ ಅದಲು ಬದಲು, ಒಂದರ ಜಾಗಕ್ಕೆ ಪಕ್ಕದ್ದು. ‘ಏನೇ ಇದು? ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕಂಡು ಕುಂತಿದ್ಯಾ?’ ಅಂತ ನಕ್ಕ.

‘ಒಂದು ತೊಟ್ಟೂ ಕುಡಿದಿಲ್ಲ. ಆದ್ರೂ ಎರಡೆರಡು ಕಾಣ್ತಾವೆ’ ಅಂದೆ. ಅವನ ನಗು ಅಲ್ಲಿಗೇ ನಿಂತಿತು.

ಮಾರನೆಯ ದಿನ ಚಳ್ಳಕೆರೆಯಲ್ಲೇ ಬೇರೊಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ವಯಸ್ಸಾದ ಹೆಂಗಸು. ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಪೆನ್ನು ತೋರಿಸಿ, ‘ಎಷ್ಟವ್ವ?’ ಅಂದರು. ಒಂದು. ಎಡಗಣ್ಣು ಮುಚ್ಚಿದರು. ಒಂದೇ. ಅಂಗೈ ತೆಗೆದರು. ಎರಡು.

ಅಷ್ಟೇ ಪರೀಕ್ಷೆ. ಯಂತ್ರವಿಲ್ಲ, ಹನಿಯಿಲ್ಲ, ಒಂದು ಅಂಗೈ.

ಎರಡು ಕಣ್ಣೂ ಚೆನ್ನಾಗಿವೆಯಂತೆ, ಒಂದಕ್ಕೊಂದು ಹೊಂದುತ್ತಿಲ್ಲವಂತೆ. ಉಬ್ಬನ್ನು ತೆಗೆಯುವಾಗ ಕಣ್ಣನ್ನು ತಿರುಗಿಸುವ ಸ್ನಾಯುವಿಗೆ ಪೆಟ್ಟಾಗಿದೆ. ತಾನಾಗಿಯೇ ವಾಸಿಯಾದರೂ ಆದೀತು, ಇನ್ನಷ್ಟು ತಿಂಗಳು ಕಾಯಬೇಕು, ಆಗದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಆ ಸ್ನಾಯುವಿಗೇ ಆಪರೇಷನ್ ಅಂದರು. ಅಲ್ಲಿಯವರೆಗೆ ಅಂತ ಒಂದು ಹೊಸ ಕನ್ನಡಕಕ್ಕೆ ಪ್ರಿಸಂ ಅನ್ನುವ ಗೆರೆಗೆರೆಯ ಹಾಳೆ ಅಂಟಿಸಿಕೊಟ್ಟರು. ಅದನ್ನು ಹಾಕಿಕೊಂಡು ನೇರ ನೋಡಿದರೆ ಗಂಡ ಒಬ್ಬನೇ. ಕಣ್ಣು ತಗ್ಗಿಸಿ ಮಗ್ಗ ನೋಡಿದರೆ ಎಳೆ ಮತ್ತೆ ಎರಡು. ಒಂದು ಕಣ್ಣಿಗೆ ಬಟ್ಟೆ ಕಟ್ಟಿ ಕೂತೆ. ಎಳೆ ಒಂದೇ ಕಂಡಿತು, ಆದರೆ ಅದು ಎಷ್ಟು ದೂರದಲ್ಲಿದೆ ಅಂತ ಬೆರಳಿಗೆ ತಿಳಿಯಲಿಲ್ಲ. ಈಗ ನಮ್ಮ ಓಣಿಗೆ ಕೆಚ್ಚಲು ಬಿ.ಜಿ. ಕೆರೆಯಿಂದ ಒಬ್ಬಳು ಬರುತ್ತಾಳೆ. ನಾನು ಅವಳಿಗೆ ಬೂದಿ ತಂದುಕೊಡುತ್ತೇನೆ.

ಕೇಳಿಬಿಡಬೇಕು ಅಂತ ಆ ಮೊದಲಿನವನ ಹತ್ತಿರ ಹೋದೆ. ‘ನೀವು ಮಂಜು ಅಂದ್ರಿ, ಎರಡು ಕಾಣುತ್ತೆ ಅಂತ ಹೇಳಲೇ ಇಲ್ಲವಲ್ಲಮ್ಮ’ ಅಂದ. ನಿಜ, ಹೇಳಲಿಲ್ಲ. ನಾಚಿಕೊಂಡದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಅಂಗೈ ಅವನಿಗೂ ಇತ್ತಲ್ಲ!

ಹೊರಗೆ ಬಂದರೆ ಗೋಡೆಯ ಮೇಲೆ ನನ್ನದೇ ಫೋಟೋ. ಮೊದಲು ಹೀಗಿದ್ದರು, ಈಗ ಹೀಗಾದರು ಅಂತ. ನಗುತ್ತಿದ್ದೇನೆ ಬೇರೆ. ಫೋಟೋದಲ್ಲಿ ಮುಖ ಕಾಣುತ್ತದೆ, ಆ ಮುಖಕ್ಕೆ ಏನು ಕಾಣುತ್ತದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಅದರ ಕೆಳಗೆ ಒಬ್ಬ ಹೆಂಗಸು ಚೀಟಿ ಹಿಡಿದು ಕೂತಿದ್ದಳು. ಅವಳ ಕಣ್ಣ ಕೆಳಗೂ ಉಬ್ಬು.

‘ಅಕ್ಕಾ, ಇದು ನೀವೇ ಅಲ್ವಾ? ಎಷ್ಟು ಚಂದ ಆಗೈತೆ! ಏನೂ ತೊಂದ್ರೆ ಆಗ್ಲಿಲ್ವಾ?’

ನಾನು ಕನ್ನಡಕ ತೆಗೆದೆ. ಒಳಗಿದ್ದವನಿಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ.

‘ನಾನು ಕುಡಿದಿಲ್ಲ ಕಣವ್ವ. ನೀನು ನನಗೆ ಇಬ್ಬರು ಕಾಣ್ತೀಯ.’