ಓನರಮ್ಮ ರುಚಿ ನೋಡದ ಟರ್ನಿಪ್ ಹುಳಿ

ನಮ್ಮ ಓನರಮ್ಮನ ಮೂಗಿನಲ್ಲಿ ಏಳು ಕಲ್ಲಿನ ಮೂಗುಬಟ್ಟು ಇತ್ತು. ಏನನ್ನಾದರೂ ಮೂಸಿ ನೋಡುವಾಗ ಹೊಳ್ಳೆ ಅರಳಿ, ಕಲ್ಲುಗಳೆಲ್ಲ ಒಮ್ಮೆ ಮಿನುಗುತ್ತಿದ್ದವು. ಅವರು ಮೂಸದ ವಸ್ತುವೇ ಇರಲಿಲ್ಲ. ಹಾಲಿನ ಕ್ಯಾನು, ಒಣಗಿದ ಬಟ್ಟೆ, ಕೊನೆಗೆ ಬಾಡಿಗೆಗೆ ಮನೆ ಕೇಳಿಕೊಂಡು ಹೋದ ನಾವು. "ಈರುಳ್ಳಿ ಬೆಳ್ಳುಳ್ಳಿ ತಿಂತೀರೇನಮ್ಮ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, "ತಿಂತೀರ ಬಿಡಿ, ಗೊತ್ತಾಯ್ತು" ಎಂದು ನಕ್ಕಿದ್ದರು.

ಹಳೇಬೀಡಿನಲ್ಲಿ ಬಸದಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ನನಗೆ ಆ ಊರಿನ ಶಾಲೆಗೆ ವರ್ಗವಾಗಿತ್ತು. ನಮ್ಮವರು ಬೇಲೂರಿನ ಆಫೀಸಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು. ಓನರಮ್ಮನದು ಜೈನರ ಮನೆ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಹಿಡಿಯುವರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವರು, ನೆಲದೊಳಗೆ ಬೆಳೆಯುವ ಯಾವುದನ್ನೂ ಮುಟ್ಟರು. ಹಿಂದಿನ ಎರಡು ಕೋಣೆ ಕೊಡುವಾಗ ನಮಗೂ ಅದೇ ಷರತ್ತು: ಈರುಳ್ಳಿ, ಗೆಡ್ಡೆ ಮನೆಯೊಳಗೆ ಬರಕೂಡದು. ಅವರಿಗೆ ಪ್ರಾಣವೆಂದರೆ ನವಿಲುಕೋಸು. ನೋಡಲು ಗೆಡ್ಡೆ, ಆದರೆ ಬಿಡುವುದು ನೆಲದ ಮೇಲೆ. "ಗೆಡ್ಡೆ ತಿಂದಂಗೂ ಆಯ್ತು, ವ್ರತ ಉಳಿದಂಗೂ ಆಯ್ತು" ಎಂದು ಕಣ್ಣು ಮಿಟುಕಿಸುತ್ತಿದ್ದರು.

ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಏನೂ ಸೇರದಾಯಿತು. ಗಂಜಿ ಕುಡಿದರೂ ವಾಂತಿ. ತೂಕ ಹೀಗೇ ಇಳಿದರೆ ಮಗುವಿಗೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ನನಗೋ ಒಂದೇ ಬಯಕೆ, ಟರ್ನಿಪ್: ನೋಡಲು ನವಿಲುಕೋಸಿನಂತೆಯೇ, ಆದರೆ ಬೆಳೆಯುವುದು ನೆಲದೊಳಗೆ. ಹಾರನಹಳ್ಳಿಯ ನಮ್ಮ ಹಿತ್ತಿಲಲ್ಲಿ ಅಪ್ಪ ಒಂದು ಸಾಲು ಹಾಕುತ್ತಿದ್ದರು. ಬೇರೆಯವರು ಅದನ್ನು ಮೂಲಂಗಿಯ ಬಡ ನೆಂಟನೆಂದು ಮೂಗು ಮುರಿದರೆ ಮುರಿಯಲಿ, ನನಗೆ ಅದರ ಆ ಸಣ್ಣ ಕಹಿಯೇ ಬೇಕಿತ್ತು. ಷರತ್ತಿನ ಮನೆ, ಕೇಳುವುದು ಹೇಗೆ? ನಮ್ಮವರು ಬೇಲೂರಿನಿಂದ ಒಂದಷ್ಟು ತಂದರು. ಮರುದಿನ ಹತ್ತಿರದ ಹಗರೆಯ ಸ್ನೇಹಿತರ ಮನೆಗೆ ಒಯ್ದು ಬೇಯಿಸಿಕೊಂಡು ಬರುವುದೆಂದು, ಚೀಲವನ್ನು ಒಳಗೆ ತರದೆ ಜಗಲಿಯ ಆಚೆ ಮೊಳೆಗೆ ನೇತುಹಾಕಿದರು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಓನರಮ್ಮ ಜಗಲಿಯಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತಿದ್ದರು. "ನವಿಲುಕೋಸು ತಂದವ್ರೆ, ಬಸುರಿ ಹುಡುಗಿ ಏಳಕ್ಕಾಗದೆ ಮಲಗೈತೆ, ನಾನೇ ಮಾಡಿಕೊಡಾಣ ಅಂತ..." ಎನ್ನುತ್ತಾ ಒಂದನ್ನು ಎರಡು ಹೋಳು ಮಾಡಿದರು. ಹೊಳ್ಳೆ ಅರಳಿತು. "ಇದ್ಯಾಕೆ ಮೂಲಂಗಿ ವಾಸ್ನೆ?" ಹೋಳನ್ನು ತಿರುವಿ ನೋಡಿದರು. ಬುಡದಲ್ಲಿ ಇಲಿಬಾಲದಂಥ ಬೇರು ಅಂಟಿಕೊಂಡಿತ್ತು.

"ಅಮ್ಮ, ಅದು ಟರ್ನಿಪ್ಪು" ಎಂದೆ. ಅವರು ಹೋಳನ್ನು ಅಲ್ಲೇ ಇಟ್ಟು ಕೈ ತೊಳೆದರು, ಸ್ನಾನ ಮಾಡಿದರು, ಬಸದಿಗೆ ಹೋದರು. ಮನೆ ಖಾಲಿ ಮಾಡುವುದೊಂದೇ ಬಾಕಿ ಎಂದುಕೊಂಡು ನಮ್ಮವರು ಆಗಲೇ ಬೇರೆ ಮನೆ ವಿಚಾರಿಸಲು ಹೊರಟರು.

ಸಂಜೆ ತಮ್ಮ ಊಟ ಮುಗಿಸಿ ಬಂದವರ ಕೈಯಲ್ಲಿ ಒಂದು ಹಳೆಯ ಪಾತ್ರೆ. "ಹಿತ್ತಿಲ ಒಲೇಲಿ ಮಾಡ್ಕೊ. ಈ ಪಾತ್ರೆ ಅದಕ್ಕೇ ಇರ್ಲಿ, ಒಳಕ್ಕೆ ತರಬೇಡ" ಎಂದರು. ನಾನು ಅಳತೊಡಗಿದೆ. "ವ್ರತ ನಂದು ಕಣಮ್ಮ. ನಿನ್ನ ಹೊಟ್ಟೇಲಿರೋ ಕೂಸಿಗೆ ಯಾಕದು?"

ಹೋಳು ನಾನು ಹೆಚ್ಚಿದೆ. ತೆಂಗಿನಕಾಯಿ, ಕೊತ್ತಂಬರಿ ಬೀಜ, ಮೆಣಸು, ಜೀರಿಗೆ ಅವರು ಅರೆದು ಕೊಟ್ಟರು. ಆಮೇಲೆ ಒಲೆಯಿಂದ ನಾಲ್ಕು ಮಾರು ದೂರ ನಿಂತು ಮೂಗಿನಿಂದಲೇ ಅಡುಗೆ ಮಾಡಿಸಿದರು. "ಹಸಿ ವಾಸ್ನೆ ಹೋಗಿಲ್ಲ, ಇನ್ನೊಂದು ಕುದಿ ಬರ್ಲಿ... ಹ್ಞಾಂ, ಈಗ ಹುಣಸೆರಸ ಬಿಡು... ಉಪ್ಪು ನೀನೇ ನೋಡ್ಕೊ." ನಮ್ಮಮ್ಮ ಈರುಳ್ಳಿ, ಬೆಳ್ಳುಳ್ಳಿ ಸುರಿದು ಮಾಡುತ್ತಿದ್ದ ಹುಳಿಯಲ್ಲಿ ಟರ್ನಿಪ್ಪಿನ ರುಚಿ ಅರ್ಧ ಅಡಗಿ ಕೂತಿರುತ್ತಿತ್ತು ಎಂದು ಅವತ್ತು ಗೊತ್ತಾಯಿತು. ಮೊದಲು ಸಿಹಿ, ಹಿಂದೆಯೇ ಮೆಣಸಿನ ಬಿಸಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಆ ಕಹಿ. ಎರಡು ಸಲ ಅನ್ನ ಹಾಕಿಸಿಕೊಂಡೆ. ಎಲ್ಲ ಹೊಟ್ಟೆಯಲ್ಲೇ ನಿಂತಿತು. ಓನರಮ್ಮ ಕೆನ್ನೆಗೆ ಕೈ ಕೊಟ್ಟುಕೊಂಡು ನಾನು ತಿನ್ನುವುದನ್ನೇ ನೋಡುತ್ತಿದ್ದರು. ಹೆರಿಗೆಗೆ ಹೋಗುವವರೆಗೂ ಆ ಪಾತ್ರೆಗೆ ಬಿಡುವಿರಲಿಲ್ಲ.

ಬಾಣಂತನ ಮುಗಿಸಿ ಬಂದವಳು ಸಂತೆಯಿಂದ ಎಳೆಯ ನವಿಲುಕೋಸು ಆರಿಸಿ ತಂದು ಅವರ ಮುಂದಿಟ್ಟೆ. "ನೀನೇ ಮಾಡ್ಕೊಳಮ್ಮ" ಎಂದು ಒಳಗೆ ಹೋದರು. ಅವರ ಮಗಳು ಮೆಲ್ಲಗೆ ಹೇಳಿದಳು: ಗೊತ್ತಿಲ್ಲದೆ ಗೆಡ್ಡೆ ಕೊಯ್ದದ್ದಕ್ಕೆ ಪ್ರಾಯಶ್ಚಿತ್ತವೆಂದು ಅವತ್ತೇ ಬಸದಿಯಲ್ಲಿ, ಬದುಕಿರುವವರೆಗೂ ನವಿಲುಕೋಸು ತಿನ್ನುವುದಿಲ್ಲವೆಂದು ನಿಯಮ ತೆಗೆದುಕೊಂಡು ಬಂದಿದ್ದರಂತೆ. ನನಗೆ ಎಲ್ಲಿಗಾದರೂ ಓಡಿಹೋಗೋಣ ಎನ್ನಿಸಿತು. ಕ್ಷಮೆ ಕೇಳಿದರೆ, "ಅದಕ್ಕೂ ನಿನಗೂ ಏನಮ್ಮ ಸಂಬಂಧ?" ಎಂದು ಗದರಿ ಮಗುವನ್ನು ಎತ್ತಿಕೊಂಡರು.

ಆಮೇಲೆ ನಾವು ಅರಸೀಕೆರೆಗೆ ಬಂದೆವು. ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ, ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಮುಖ ಬತ್ತಿ ಮೂಗುಬಟ್ಟು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. "ಮೂಗೇ ಸತ್ತೋಯ್ತು ಕಣಮ್ಮ, ಏನೂ ಗೊತ್ತಾಗಕಿಲ್ಲ" ಎಂದರು. ನನ್ನ ಕಡೆ ಹೊರಳಿ, "ಒಂದು ಕೇಳ್ತೀನಿ, ನಗಬೇಡ. ಆ ಟರ್ನಿಪ್ಪು ನವಿಲುಕೋಸಿನಂಗೇ ಇರ್ತೈತಾ?"

"ನೀವು ಅರೆದ ಮಸಾಲೆ ಹಾಕಿದ್ರೆ ಅದಕ್ಕಿಂತ ರುಚಿ, ಅಮ್ಮ" ಎಂದೆ.

ಅವರು ಕೈ ಚಾಚಿ ನನ್ನ ಮಗಳ ಕೆನ್ನೆ ಸವರಿದರು. "ಹಂಗಾದ್ರೆ ನಷ್ಟ ಏನಿಲ್ಲ ಬಿಡು."

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಮನೆಯ ಟರ್ನಿಪ್ ಹುಳಿಗೆ ಈಗಲೂ ಈರುಳ್ಳಿ ಬೀಳುವುದಿಲ್ಲ. ಮಾರ್ಕೆಟ್ಟಿನಲ್ಲಿ ಅದರ ಪಕ್ಕದಲ್ಲೇ ನವಿಲುಕೋಸಿನ ಗುಡ್ಡೆ ಇರುತ್ತದೆ. ನನಗೆ ಯಾವ ವ್ರತವೂ ಇಲ್ಲ. ಆದರೂ ಕೈ ಹೋಗುವುದಿಲ್ಲ.