ವಸಂತನ ಜೀಪಿನ ಕೆಂಪು ದೀಪ

ವನಗೂರಿನ ಜೀಪು ವಸಂತನ ಮುಂದೆ ಗಾಡಿ ರಿಪೇರಿಯ ಮಾತೆತ್ತಬಾರದು. ಎತ್ತಿದಿರೋ, ನಿಮ್ಮ ಅರ್ಧ ದಿನ ಹೋಯಿತೆಂದೇ ಲೆಕ್ಕ. ಇಪ್ಪತ್ತಾರು ವರ್ಷದಿಂದ ಆ ಏರುದಾರಿಗಳಲ್ಲಿ ಏಲಕ್ಕಿ ಮೂಟೆ, ಎಸ್ಟೇಟಿನ ಆಳುಗಳು, ನೋವು ತಿನ್ನುತ್ತಿರುವ ಬಸುರಿಯರು, ಎಲ್ಲರನ್ನೂ ಹತ್ತಿಸಿ ಇಳಿಸಿದವನು. ಯಾರನ್ನೂ ನಡುದಾರಿಯಲ್ಲಿ ಕೈಬಿಟ್ಟವನಲ್ಲ. ಹಾಗಂತ ಅವನ ಜೀಪು ನೆಟ್ಟಗಿತ್ತೇ? ಶಿವ ಶಿವಾ, ಹಾರ್ನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತಿತ್ತು.

ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಹೇಳುವ ಕೆಂಪು ದೀಪವಂತೂ ಹನ್ನೊಂದು ವರ್ಷದಿಂದ ಆರಿದ್ದೇ ಇಲ್ಲ. ವಸಂತ ಕ್ಯಾರೇ ಅನ್ನಲಿಲ್ಲ. ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಮತ್ತೆ ಕರೆಂಟಿನ ಹಂಗಿಲ್ಲ. ಬ್ಯಾಟರಿ ಮಲಗಿದರೂ ಇಳಿಜಾರಿನಲ್ಲಿ ಉರುಳಿಬಿಟ್ಟು ಗೇರ್ ಹಾಕಿದರಾಯಿತು, ಈ ಕಡೆ ಇಳಿಜಾರಿಗೇನು ಬರವೇ? ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅನ್ನುವ ಆಸಾಮಿ. ಮಗಳು ಧನುಶ್ರೀ ಆ ದೀಪ ನೋಡಿಕೊಂಡೇ ಶಾಲೆಗೆ ಹೋಗಿ ಬಂದು ಬೆಳೆದಳು.

ಆ ಹುಡುಗಿಗೆ ವಿಮಾನದ ಹುಚ್ಚು. ಪಿಯುಸಿ ಮುಗಿಸಿ, ಪೈಲಟ್ ತರಬೇತಿ ಶಾಲೆಯೊಂದರ ಉಚಿತ ಸೀಟಿಗೆ ಅರ್ಜಿ ಹಾಕಿದ್ದಳು. ಕೊನೆಯ ಪರೀಕ್ಷೆ ಸಿಮ್ಯುಲೇಟರಿನಲ್ಲಿ, ಅಂದರೆ ಕೋಣೆಯೊಳಗೇ ಕೂತು ಪರದೆಯ ಮೇಲೆ ಹಾರಿಸುವ ನಕಲಿ ವಿಮಾನದಲ್ಲಿ. ಇದ್ದದ್ದು ಎರಡೇ ಅವಕಾಶ. ಮೊದಲನೆಯದು ಮುಗಿಸಿ ಸಕಲೇಶಪುರದಲ್ಲಿ ಬಸ್ಸಿಳಿದವಳ ಮುಖ ಬಾಡಿಹೋಗಿತ್ತು.

"ಏನಾಯ್ತು ಮಗ?" ಅಂದ ವಸಂತ.

"ವಿಮಾನದ ಕರೆಂಟ್ ಕೆಡಿಸಿಟ್ಟಿದ್ರಪ್ಪ. ಕೆಂಪು ದೀಪ ಉರೀತಿತ್ತು. ಸ್ವಲ್ಪ ಹೊತ್ತಿಗೆ ರೇಡಿಯೊ ಸತ್ತೋಯ್ತು. ಫೇಲ್ ಅಂದ್ರು."

"ದೀಪ ಕಾಣಲಿಲ್ವಾ?"

"ಕಾಣ್ತು. ಆದ್ರೂ ಏನೂ ಅನ್ನಿಸ್ಲಿಲ್ಲ. ನಮ್ ಜೀಪಲ್ಲಿ ಯಾವಾಗ್ಲೂ ಉರೀತಾನೇ ಇರ್ತೈತಲ್ಲ, ಹಂಗೇ ಅಂದ್ಕಂಡ್ಬುಟ್ಟೆ."

ಅವಳು ದೂರಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ವಸಂತನಿಗೆ ಮಾತ್ರ ನಾಚಿಕೆಯಿಂದ ಮಗಳ ಮುಖ ನೋಡಲಾಗಲಿಲ್ಲ. ಮಾರನೆಯ ದಿನವೇ ಜೀಪನ್ನು ಎಲೆಕ್ಟ್ರಿಷಿಯನ್ ಬಳಿಗೆ ಒಯ್ದ. ಸವೆದ ವೈರೊಂದು ತಗಡಿಗೆ ತಾಗುತ್ತಿತ್ತು, ಅಷ್ಟೇ. ಹನ್ನೊಂದು ವರ್ಷದ ದೀಪ ಹತ್ತು ನಿಮಿಷದಲ್ಲಿ ಆರಿತು. ಅದರಿಂದ ಮಗಳ ಕಳೆದುಹೋದ ಅವಕಾಶವೇನೂ ವಾಪಸು ಬರಲಿಲ್ಲ.

ಎರಡನೆಯ ಪರೀಕ್ಷೆಗೆ ಮೂರು ವಾರವಿತ್ತು. ಮನೆಯ ಲ್ಯಾಪ್‌ಟಾಪಿನಲ್ಲೇ ಅಂಥದ್ದೊಂದು ನಕಲಿ ವಿಮಾನವಿತ್ತು. ಯಾವ ಭಾಗ ಬೇಕಾದರೂ ಕೆಡಿಸಬಹುದು. ಕೆಡಿಸುವ ಕೆಲಸವನ್ನು ವಸಂತ ತಾನೇ ವಹಿಸಿಕೊಂಡ. ಮಗಳ ಕಣ್ಣು ಮುಚ್ಚಿಸಿ, ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರನ್ನು ಕೊಂದುಬಿಡುವನು. ಕೆಲವೊಮ್ಮೆ ಹಾರಿದ ಕೂಡಲೇ, ಕೆಲವೊಮ್ಮೆ ಅರ್ಧ ಗಂಟೆ ಕಾಯಿಸಿ. ಜೊತೆಗೆ ರೇಡಿಯೊ ಒಂದನ್ನೂ ಕೆಡಿಸಿದ ದಿನ ಧನುಶ್ರೀ ಮುನಿಸಿಕೊಂಡಳು.

"ಕಾಯಿಲೆ ಒಂಟಿಯಾಗ್ ಬರಲ್ಲ ಕಣವ್ವ, ನೆಂಟರನ್ನೂ ಕರ್ಕಂಡೇ ಬತ್ತದೆ," ಅಂದ.

"ಊರಿನ ಗಾಡಿಗೆಲ್ಲ ರಿಪೇರಿ ಹೇಳೋರು, ಈಗ ನೆಟ್ಟಗಿರೋದನ್ನ ಕೆಡಿಸ್ತಾ ಕೂತೀರಲ್ಲ," ಎಂದು ಅಡುಗೆಮನೆಯಿಂದ ಹೆಂಡತಿ ಶಾಲಿನಿ ಛೇಡಿಸಿದಳು.

ದೀಪ ಹೊತ್ತಿದರೆ ಮೊದಲು ಕರೆಂಟಿನ ಮೀಟರ್ ನೋಡಬೇಕು. ಆಲ್ಟರ್ನೇಟರಿನ ಸ್ವಿಚ್ ಒಮ್ಮೆ ಆರಿಸಿ ಹಾಕಬೇಕು. ಏಳಲಿಲ್ಲವೋ, ಬೇಡದ ದೀಪಗಳನ್ನೆಲ್ಲ ಆರಿಸಿ, ಉಳಿದ ಬ್ಯಾಟರಿಯನ್ನು ರೇಡಿಯೊಗೆ ಮೀಸಲಿಟ್ಟು, ಹತ್ತಿರದಲ್ಲಿ ಇಳಿಯಬೇಕು. ಮೊದಲ ವಾರ ನಾಲ್ಕು ಸಲ ತಪ್ಪಿದಳು. ಮೂರನೆಯ ವಾರಕ್ಕೆ, ದೀಪ ಹೊತ್ತಿಕೊಳ್ಳುವ ಮೊದಲೇ ಮೀಟರಿನ ಮುಳ್ಳು ನೋಡಿ ಹಿಡಿಯುತ್ತಿದ್ದಳು.

ಪರೀಕ್ಷೆಯ ದಿನ ವಸಂತನೂ ಜೊತೆಗೆ ಹೋಗಿ, ಶಾಲೆಯ ಹೊರಗಿನ ಬೆಂಚಿನ ಮೇಲೆ ಕೂತ. ಒಂದೂವರೆ ಗಂಟೆಯ ಮೇಲೆ ಮಗಳು ಬಂದು ಪಕ್ಕದಲ್ಲಿ ಕೂತಳು.

"ದೀಪ ಬಂತಾ?"

"ಬಂತು. ಸ್ವಿಚ್ ಆರಿಸಿ ಹಾಕ್ದೆ. ಆರೋಯ್ತು. ಮೀಟ್ರೂ ಸರಿಯಾಯ್ತು."

"ಮತ್ತಿನ್ನೇನು, ಗೆದ್ದೆ ಬುಡು."

"ಪೂರ್ತಿ ಕೇಳಪ್ಪ. ಎಲ್ಲ ಸರಿಹೋಯ್ತಲ್ಲ, ಹೋಗ್ಬೇಕಿದ್ದ ಊರಿಗೇ ಹೋಗು ಅಂದ್ರು ಪರೀಕ್ಷೆ ತಗಳೋ ಸರ್. ಇನ್ನೂ ನಲವತ್ತು ನಿಮಿಷದ ದಾರಿ, ಮುಂದೆ ಮೋಡ. ಇಲ್ಲ ಸರ್, ಯಾಕ್ ಕೆಡ್ತು ಅನ್ನೋದೇ ಗೊತ್ತಾಗಿಲ್ಲ, ಹತ್ರದಲ್ಲೇ ಇಳಿಸ್ತೀನಿ ಅಂದೆ. ನಡೀತಾ ಐತಲ್ಲ ಅಂತ ಇನ್ನೊಂದ್ಸಲ ಒತ್ತಾಯ ಮಾಡಿದ್ರು. ನಾನು ಇಳಿಸೇಬಿಟ್ಟೆ."

ವಸಂತ ಅವಳತ್ತ ತಿರುಗಿದ. "ಆಮೇಲೆ?"

"ಅದಕ್ಕೇ ಪಾಸ್ ಮಾಡಿದ್ರು. ಮುಂದಕ್ಕೆ ಹೋಗಿದ್ರೆ ಫೇಲಂತೆ."

ವಸಂತ ಮಗಳ ಕೈ ಹಿಡಿದುಕೊಂಡ. ಇಷ್ಟು ಖುಷಿ ಅವನಿಗೆ ಯಾವತ್ತೂ ಆಗಿರಲಿಲ್ಲ. ಧನುಶ್ರೀ ಅವನ ಮುಖ ನೋಡಿ ನಕ್ಕಳು.

"ನೀನಾಗಿದ್ರೆ ಏನ್ ಮಾಡ್ತಿದ್ದೆ ಅಪ್ಪ?"

ಸುಳ್ಳು ಹೇಳಬಹುದಿತ್ತು.

"ಹೋಗ್ಬುಡ್ತಿದ್ದೆ," ಅಂದ. "ನಿನ್ನ ಕೂರಿಸ್ಕಂಡೇ ಹೋಗ್ಬುಡ್ತಿದ್ದೆ ಕಣವ್ವ."