ಮುಡಿ ಕೊಟ್ಟ ತಲೆಗೂ ಕೂದಲು ಕಸಿ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ತಲೆಯ ಮುಂಭಾಗ ಬೋಳಾಗುತ್ತಿರುವ ನನ್ನ ತಮ್ಮನನ್ನು ಇವತ್ತು ನಂಜನಗೂಡಿನ ಹೊಸ ಕೂದಲು ಕಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಕೌನ್ಸೆಲರ್ ಹುಡುಗಿ ಅವನನ್ನು ಬಿಟ್ಟು ನನ್ನ ತಲೆಯನ್ನೇ ನೋಡಿದಳು.

“ನಿಮ್ಗೇ ಸರ್ ಮೊದ್ಲು ಮಾಡಿಸ್ಬೇಕಾಗಿರೋದು. ಪೂರ್ತಿ ಹೋಗ್ಬಿಟ್ಟಿದೆ.”

ನಾನು ಸೋಮವಾರವಷ್ಟೇ ನಂಜುಂಡೇಶ್ವರನಿಗೆ ಮುಡಿ ಕೊಟ್ಟವನು. ಒಮ್ಮೆ ಮುಟ್ಟಿ ನೋಡಿದ್ದರೂ ಕೂದಲ ಮೊಳಕೆ ಕೈಗೆ ಚುಚ್ಚುತ್ತಿತ್ತು.

“ಇದು ಮುಡಿ ಕಣಮ್ಮ. ಎಲ್ಲಿ ನೋಡುದ್ರೂ ಬೋಳುತಲೆ ಓಡಾಡೋ ಊರಲ್ಲಿ ಕೂತಿದ್ದೀಯ. ಡಾಕ್ಟ್ರು ಎಲ್ಲಿ?”

“ಅವರು ಆಪರೇಷನ್ ದಿನ ಬರ್ತಾರೆ ಸರ್. ಇವತ್ತೇ ಬುಕ್ ಮಾಡಿದ್ರೆ ಅಣ್ಣ ತಮ್ಮ ಇಬ್ರಿಗೂ ಆಫರ್ ಇದೆ.”

ತಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅದನ್ನು ಯಾರೂ ಕೇಳಲಿಲ್ಲ. ಅವನೋ, ಆಗಲೇ ಸಹಿ ಹಾಕಲು ಪೆನ್ನು ಹಿಡಿದಿದ್ದ. ಪೆನ್ನು ಕಿತ್ತಿಟ್ಟು, ಎಬ್ಬಿಸಿಕೊಂಡು ಬಂದೆ.

ಸೋಮವಾರ ಹೊಳೆ ದಂಡೆಯಲ್ಲಿ ನನ್ನ ಮುಡಿ ತೆಗೆದವನು ತಲೆಯನ್ನೆಲ್ಲ ಬೆರಳಲ್ಲಿ ತಡವಿ, “ಗಾಯ ಗೀಯ ಐತಾ ಸಾ? ಸುಗರ್ ಐತಾ?” ಎಂದು ಕೇಳಿದ ಮೇಲೇ ಕತ್ತಿ ಇಟ್ಟಿದ್ದ. ಆ ಕ್ಲಿನಿಕ್ಕಿನ ಬಾಗಿಲಿಗೆ ಹಾಕಿರುವ ಕನ್ಸಲ್ಟೇಷನ್ ಎಂಬ ಬೋರ್ಡು ಇರಬೇಕಾದದ್ದು ಅವನು ಕೂರುವ ಮೆಟ್ಟಿಲ ಮೇಲೆ.